ಕರಿಹಲಗೆಯ ಮಗ್ಗುಲಿಗೆ ಬಂದ ಗಾಜಿನ ಹಲಗೆ

ನಮ್ಮ ಮಠಮಾನ್ಯಗಳೂ ಸಮಾಜದ ವಿದ್ಯಾಸಂಸ್ಥೆಗಳೂ ನಡೆಸಿಕೊಂಡು ಬಂದಿರುವ ಎಷ್ಟೋ ಶಾಲೆಗಳಲ್ಲಿ ಇಂದು ಕರಿಹಲಗೆಯ ಮಗ್ಗುಲಿಗೆ ಗಾಜಿನ ದೊಡ್ಡ ಹಲಗೆಯೊಂದು ಬಂದು ನಿಂತಿದೆ. ಸ್ಮಾರ್ಟ್ ಬೋರ್ಡ್ ಎಂದು ಕೆಲವರು, ಪ್ಯಾನೆಲ್ ಎಂದು ಕೆಲವರು ಅದನ್ನು ಕರೆಯುತ್ತಾರೆ. ಪೂಜ್ಯರ ಸಾನ್ನಿಧ್ಯದಲ್ಲಿ ಉದ್ಘಾಟನೆಯಾಗುತ್ತದೆ. ದಾನಿಗಳಿಗೆ ಶಾಲು ಹೊದಿಸಲಾಗುತ್ತದೆ. ಭಾವಚಿತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಕೆಲವು ತಿಂಗಳು ಕಳೆದು ಅದೇ ಶಾಲೆಗೆ ಹೋದರೆ ಹಲಗೆಗೂ ಒಂದು ಹೊದಿಕೆ ಬಿದ್ದಿರುತ್ತದೆ, ಕೋಣೆಗೆ ಬೀಗ ಹಾಕಿರುತ್ತದೆ. ಕೇಳಿದರೆ, "ಕೆಟ್ಟರೆ ಯಾರು ಹೊಣೆ?" ಎಂಬ ಉತ್ತರ ಬರುತ್ತದೆ. ಎಲ್ಲ ಕಡೆಯೂ ಹೀಗೆಯೇ ಎಂದು ನಾನು ಹೇಳಲಾರೆ. ಹೀಗಾಗಿರುವ ಕಡೆಗಳಲ್ಲಿ ಮಾತ್ರ ದೋಷವನ್ನು ಯಂತ್ರದಲ್ಲಾಗಲಿ ಶಿಕ್ಷಕರಲ್ಲಾಗಲಿ ಹುಡುಕದೆ, ಯಂತ್ರವನ್ನು ಶಿಕ್ಷಕರಿಗೆ ಪರಿಚಯಿಸಿದ ಮಾತಿನಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ.

ಆ ಪರಿಚಯ ನಡೆಯುವ ಬಗೆಯನ್ನು ಓದುಗರಲ್ಲಿ ಅನೇಕರು ಬಲ್ಲರು. ನಮ್ಮ ಮನೆಗಳಲ್ಲಿ ಶಿಕ್ಷಕ ವೃತ್ತಿಯವರು ಕಡಿಮೆಯಿಲ್ಲ. ಕಂಪನಿಯ ಕಡೆಯಿಂದ ತರುಣನೊಬ್ಬ ಒಂದು ದಿನದ ಮಟ್ಟಿಗೆ ಬರುತ್ತಾನೆ. ಇಂಟರ್‌ಫೇಸ್, ಕಂಟೆಂಟ್, ಪ್ಲಾಟ್‌ಫಾರ್ಮ್ ಎಂಬ ಮಾತುಗಳು ಮಳೆಗಾಲದ ಹನಿಗಳಂತೆ ಉದುರುತ್ತವೆ. ಅವನ ಬೆರಳು ಹಲಗೆಯ ಮೇಲೆ ಎಲ್ಲಿ ಓಡಿತೆಂಬುದು ಕಣ್ಣಿಗೆ ಹತ್ತುವುದರೊಳಗೆ ಚಹದ ವೇಳೆಯಾಗಿರುತ್ತದೆ. ಇಪ್ಪತ್ತೈದು ಮೂವತ್ತು ವರ್ಷ ಭಿನ್ನರಾಶಿಯನ್ನು ರೊಟ್ಟಿ ಮುರಿದು ತೋರಿಸಿ ಕಲಿಸಿದ ಅಕ್ಕೋರು ಹಿಂದಿನ ಬೆಂಚಿನಲ್ಲಿ ಕುಳಿತು ತಲೆಯಾಡಿಸುತ್ತಾರೆ. ತಿಳಿಯಲಿಲ್ಲವೆಂದು ಕಿರಿಯರ ಮುಂದೆ ಹೇಳಿಕೊಳ್ಳಲು ಅವರ ಹಿರಿತನ ಒಪ್ಪುವುದಿಲ್ಲ. ಮರುದಿನದಿಂದ ಅವರ ತರಗತಿಯಲ್ಲಿ ಮತ್ತೆ ಸೀಮೆಸುಣ್ಣವೇ. ಅದರಿಂದ ಮಕ್ಕಳಿಗೆ ದೊಡ್ಡ ನಷ್ಟವಿಲ್ಲ. ಆದರೆ "ಇನ್ನು ನನ್ನ ಕಾಲ ಮುಗಿಯಿತು" ಎಂಬ ಭಾವನೆಯೊಂದು ಆ ತಾಯಿಯ ಮನಸ್ಸಿನಲ್ಲಿ ಮೂಡಿಬಿಡುತ್ತದೆಯಲ್ಲ, ಅದು ನಿಜವಾದ ನಷ್ಟ. ನಿವೃತ್ತಿಗೆ ಐದಾರು ವರ್ಷ ಇರುವಾಗಲೇ ಒಳಗಿನಿಂದ ನಿವೃತ್ತರಾದವರನ್ನು ನಾನು ಬಲ್ಲೆ.

ಇಂಗ್ಲಿಷಿನ ಭಾರ ಬೇಡವೆಂದು ಹೊರಟ ನಮ್ಮ ಪಂಡಿತರು ಮತ್ತೊಂದು ಭಾರ ಹೊರಿಸುವುದೂ ಉಂಟು. ವಿದ್ಯುನ್ಮಾನ ಸ್ಪರ್ಶಸಂವೇದಿ ಫಲಕ ಎಂದರೆ ಅಕ್ಕೋರಿಗೆ ತಿಳಿಯುವುದೇನು? ಸಂಸ್ಕೃತ ಪಾಠಶಾಲೆಯಲ್ಲಿ ವರ್ಷಗಟ್ಟಲೆ ಕುಳಿತ ನನ್ನಂಥವನೇ ಆ ಸಮಾಸವನ್ನು ಬಿಡಿಸಿ ನೋಡಬೇಕಾಗುತ್ತದೆ. ಫೋನು, ಪೆನ್‌ಡ್ರೈವ್, ನೆಟ್ ಎಂಬ ಮಾತುಗಳು ಸಂತೆಯಲ್ಲಿ ಕೊತ್ತಂಬರಿ ಮಾರುವವರ ಬಾಯಲ್ಲೂ ಇವೆ. ಅವು ಈಗ ನಮ್ಮವೇ ಆಗಿವೆ. ಸರಳ ಕನ್ನಡವೆಂದರೆ ಕೇಳುವವರ ಬಾಯಲ್ಲಿ ಈಗಾಗಲೇ ಇರುವ ಕನ್ನಡ. ಹನ್ನೆರಡನೆಯ ಶತಮಾನದಲ್ಲಿ ಶರಣರು ಗಹನವಾದ ತತ್ತ್ವವನ್ನೇ ಅಂಬಿಗ, ಮಡಿವಾಳ, ಮಾದಾರರ ಮಾತಿನಲ್ಲಿ ಇಳಿಸಿರುವಾಗ ಒಂದು ಗಾಜಿನ ಹಲಗೆಯನ್ನು ವಿವರಿಸಲು ನಮಗೆ ತೊಡಕಾಗಬಾರದು.

ಮಠಪತ್ರಿಕೆಯ ಮಾದರಿ

ಹೊಸ ಬೋಧನಕ್ರಮವನ್ನು ಶಿಕ್ಷಕರಿಗೆ ತಿಳಿಗನ್ನಡದಲ್ಲಿ ತಿಳಿಸುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಧಾರವಾಡದಲ್ಲಿ 1856ರಲ್ಲಿ ಶಿಕ್ಷಕರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲ್ ಆರಂಭವಾಯಿತು. ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಆ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ಅದರ ಮುಖ್ಯಸ್ಥರಾಗಿದ್ದವರು. ಅಲ್ಲಿಂದ 1865ರಲ್ಲಿ ಶಿಕ್ಷಕರಿಗಾಗಿಯೇ ಮಠಪತ್ರಿಕೆ ಎಂಬ ಮಾಸಪತ್ರಿಕೆ ಹೊರಟಿತು. ಮಠವೆಂದರೆ ಶಾಲೆ ಎಂಬ ಅರ್ಥ ಆಗ ಸಹಜವಾಗಿತ್ತು. ಕೂಲಿಮಠವೆಂಬ ಮಾತನ್ನು ಹಿರಿಯರು ಕೇಳಿರಬಹುದು. ಮುಂದೆ ಅದು ಶಾಲಾ ಪತ್ರಿಕೆಯಾಗಿ, ಆಮೇಲೆ ಜೀವನ ಶಿಕ್ಷಣವಾಗಿ ಬೆಳೆದು ಬಂದಿತು.

ಆ ಶಿಕ್ಷಕರು ಕಂಡ ಬದಲಾವಣೆ ಇಂದಿನದಕ್ಕಿಂತ ಸಣ್ಣದೇನೂ ಆಗಿರಲಿಲ್ಲ. ಅಲ್ಲಿಯವರೆಗೆ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಮಾಡಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಚ್ಚಾದ ಪುಸ್ತಕ, ಗೋಡೆಗೆ ತೂಗುಹಾಕಿದ ನಕಾಶೆ, ಎಲ್ಲರಿಗೂ ಕಾಣುವ ಕರಿಹಲಗೆ ಇವೆಲ್ಲ ಅಂದಿನ ಹೊಸ ಯಂತ್ರಗಳೇ. ಒಂದು ಹಲಗೆಯ ಮೇಲೆ ಬರೆದು ನಲವತ್ತು ಮಕ್ಕಳಿಗೆ ಒಟ್ಟಿಗೆ ಕಲಿಸಬಹುದೆಂಬುದನ್ನೂ ಯಾರೋ ಯಾರಿಗೋ ತಾಳ್ಮೆಯಿಂದ ಹೇಳಿಕೊಡಬೇಕಾಗಿತ್ತು. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿ, ಇಂದು ನಾವು ಸಪ್ತರ್ಷಿಗಳೆಂದು ನೆನೆಯುವವರು, ಶಿಕ್ಷಕರಾಗಿದ್ದರೆಂಬುದನ್ನು ಇಂದಿನ ಆಡಳಿತ ಮಂಡಳಿಗಳು ಸ್ಮರಿಸುವುದು ಒಳ್ಳೆಯದು.

ಬೆಳಕಿನ ಹಾಸುಹೊಕ್ಕು

ಹಾಗಾದರೆ ಗಾಜಿನ ಹಲಗೆಯನ್ನು ಪರಿಚಯಿಸುವುದು ಹೇಗೆ? ಕಳೆದ ಬೇಸಿಗೆಯಲ್ಲಿ ಶಿಬಿರವೊಂದರಲ್ಲಿ ತರುಣ ಶಿಕ್ಷಕಿಯೊಬ್ಬಳು ಹಿರಿಯರಿಗೆ ಹೇಳಿದ ಮಾತು ನನಗೆ ಬಹಳ ಹಿಡಿಸಿತು: "ಅಕ್ಕೋರೇ, ಇದು ನಿಮ್ಮ ಕೈಯಾಗಿನ ಫೋನೇ ರೀ. ದೊಡ್ಡದಾಗೇತಿ, ಅಷ್ಟ." ಅಲ್ಲಿದ್ದ ಹಿರಿಯರೆಲ್ಲರೂ ಮೊಮ್ಮಕ್ಕಳೊಡನೆ ವಾಟ್ಸಾಪ್‌ನಲ್ಲಿ ಮುಖ ನೋಡಿ ಮಾತನಾಡುವವರೇ. ಆ ಒಂದು ಮಾತಿನಿಂದ ಅರ್ಧ ಅಂಜಿಕೆ ಇಳಿಯಿತು.

ಉಳಿದರ್ಧ ಇಳಿಯಬೇಕಾದರೆ ಒಳಗಿನ ನಡೆಯನ್ನು ಸ್ವಲ್ಪ ತಿಳಿಯಬೇಕು. ಬಹುಪಾಲು ಹಲಗೆಗಳ ಚೌಕಟ್ಟಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಬೆಳಕನ್ನು ಹೊಮ್ಮಿಸುವ ಸಣ್ಣ ದೀಪಗಳು ಸಾಲಾಗಿ ಇರುತ್ತವೆ. ಎದುರಿನ ಅಂಚಿನಲ್ಲಿ ಆ ಬೆಳಕನ್ನು ಹಿಡಿಯುವ ಕಣ್ಣುಗಳಿರುತ್ತವೆ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಬೆಳಕಿನ ಎಳೆಗಳು ಗಾಜಿನ ಮೇಲೆ ಹಾಸುಹೊಕ್ಕಾಗಿ ಹಬ್ಬಿರುತ್ತವೆ. ಜೇಡರ ದಾಸಿಮಯ್ಯನವರ ಮಗ್ಗವನ್ನು ನೆನೆದುಕೊಂಡರೆ ಸಾಕು. ಬೆರಳು ತಾಗಿದೊಡನೆ ಹಾಸಿನ ಒಂದೆಳೆ, ಹೊಕ್ಕಿನ ಒಂದೆಳೆ ಕಡಿಯುತ್ತವೆ. ಎಲ್ಲಿ ಕಡಿಯಿತೆಂಬುದರಿಂದ ಬೆರಳು ಎಲ್ಲಿದೆಯೆಂದು ಯಂತ್ರ ತಿಳಿಯುತ್ತದೆ.

ಇಷ್ಟನ್ನು ತಿಳಿದ ಶಿಕ್ಷಕರು ಅರ್ಧ ಡಜನ್ ತೊಂದರೆಗಳನ್ನು ತಾವೇ ಬಗೆಹರಿಸಬಲ್ಲರು. ಬರೆಯುವಾಗ ಸೀರೆಯ ಸೆರಗೋ ಅಂಗಿಯ ತೋಳೋ ಗಾಜಿಗೆ ತಾಗಿದರೆ ಅಲ್ಲಿಯೂ ಗೆರೆ ಏಕೆ ಮೂಡುತ್ತದೆ? ಎಳೆ ಕಡಿದದ್ದು ಬೆರಳಿನಿಂದಲೋ ಸೆರಗಿನಿಂದಲೋ ಬೆಳಕಿಗೆ ಗೊತ್ತಾಗುವುದಿಲ್ಲ. ಅದರ ಪೆನ್ನು ಕಳೆದರೆ ಪಾಠ ನಿಲ್ಲಬೇಕೆ? ಬೇಡ, ಬೆರಳೇ ಸಾಕು. ಯಾರೂ ಮುಟ್ಟದಿದ್ದರೂ ಒಂದು ಮೂಲೆ ತಾನೇ ಒತ್ತಿದಂತೆ ಆಡುತ್ತಿದ್ದರೆ ಮೊದಲು ನೋಡಬೇಕಾದದ್ದು ಚೌಕಟ್ಟಿನ ಅಂಚನ್ನು. ಪಕ್ಕದ ಕರಿಹಲಗೆಯ ಸೀಮೆಸುಣ್ಣದ ಧೂಳು ಅಲ್ಲಿ ಕುಳಿತು ಎಳೆಗಳನ್ನು ಮುಚ್ಚಿರುತ್ತದೆ. ಮೆತ್ತನೆಯ ಒಣಬಟ್ಟೆಯಿಂದ ಅಂಚನ್ನು ಒರೆಸಬೇಕು. ನೀರು ಚಿಮುಕಿಸಬಾರದು. ಒಂದು ಒಣಬಟ್ಟೆ ಮಾಡುವ ಕೆಲಸಕ್ಕೆ ಪಟ್ಟಣದಿಂದ ಮೆಕ್ಯಾನಿಕ್ ಬರುವವರೆಗೆ ವಾರಗಟ್ಟಲೆ ಕಾಯುವುದು ಬೇಡ.

ಇದರ ನಿಜವಾದ ಉಪಯೋಗ ಚಲನಚಿತ್ರ ತೋರಿಸುವುದರಲ್ಲಿಲ್ಲವೆಂದು ನನ್ನ ಮತ. ಕರಿಹಲಗೆಯ ಮೇಲೆ ಬರೆದದ್ದನ್ನು ಮುಂದಿನ ಅವಧಿಗೆ ಬರುವವರು ಅಳಿಸುತ್ತಾರೆ. ಗಾಜಿನ ಹಲಗೆಯ ಮೇಲೆ ಬರೆದದ್ದನ್ನು ಪುಟವಾಗಿ ಉಳಿಸಿ, ಮರುದಿನ ನಿಂತಲ್ಲಿಂದಲೇ ಮುಂದುವರಿಸಬಹುದು. ಜ್ವರ ಬಂದು ಮೂರು ದಿನ ಬಾರದ ಮಗುವಿಗೆ ಆ ಪುಟಗಳನ್ನೇ ತೆರೆದು ತೋರಿಸಬಹುದು. ಕೋನವನ್ನು ಎಳೆದು ಹಿಗ್ಗಿಸಿ ತೋರಿಸಬಹುದು. ಅಕ್ಕೋರು ರೊಟ್ಟಿ ಮುರಿದು ಕಲಿಸುವ ಭಿನ್ನರಾಶಿಗೆ ಮಾತ್ರ ಇಂದಿಗೂ ರೊಟ್ಟಿಯೇ ಮೇಲು. ಅದನ್ನು ಕೊನೆಗೆ ತಿನ್ನಲೂ ಬರುತ್ತದೆ.

ಕಣಜ ಮತ್ತು ಸಂತೆ

ಶಿಕ್ಷಕರನ್ನು ಅತಿಯಾಗಿ ಕಾಡುವುದು ನೆಟ್. ಚೆನ್ನಾಗಿ ಓಡುತ್ತಿದ್ದ ಪಾಠ ನಡುವೆ ನಿಂತು ಹಲಗೆಯ ಮೇಲೆ ಒಂದು ಚಕ್ರ ತಿರುಗತೊಡಗುತ್ತದೆ. ಮಕ್ಕಳು ನಗುತ್ತಾರೆ. ಇಲ್ಲಿ ತಿಳಿಯಬೇಕಾದ ಭೇದ ಒಂದೇ: ಮನೆಯ ಕಣಜದಲ್ಲಿರುವ ಜೋಳ ಬೇರೆ, ಸಂತೆಯಿಂದ ತರಬೇಕಾದ ಜೋಳ ಬೇರೆ. ಯಂತ್ರದಲ್ಲಿಯೇ ಅಥವಾ ಪೆನ್‌ಡ್ರೈವ್‌ನಲ್ಲಿ ಇರುವ ಪಾಠ ಕಣಜದ್ದು. ಅದಕ್ಕೆ ನೆಟ್ ಬೇಕಿಲ್ಲ. ಅಂದಂದಿಗೆ ನೆಟ್‌ನಿಂದ ಬರುವುದು ಸಂತೆಯದು. ನಾಳೆಯ ಪಾಠಕ್ಕೆ ಬೇಕಾದುದನ್ನು ಇಂದೇ ಡೌನ್‌ಲೋಡ್ ಮಾಡಿಕೊಳ್ಳುವುದೆಂದರೆ ಸಂತೆಯ ದಿನ ಕಾಳು ತಂದು ಕಣಜಕ್ಕೆ ಹಾಕಿದಂತೆ.

ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡ್ ಸಂತೆಯ ದಾರಿ ತೋರಿಸುವ ಕಂಬವಷ್ಟೆ. ಪಾಠವು ಆ ಚೌಕದೊಳಗೆ ಅಡಗಿರುವುದಿಲ್ಲ. ಪಾಠ ಇರುವ ಜಾಗದ ವಿಳಾಸ ಮಾತ್ರ ಅದರಲ್ಲಿರುತ್ತದೆ. ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ಸಂಗಡಿಗರು ಇದನ್ನು 1994ರಲ್ಲಿ ಮೋಟಾರಿನ ಬಿಡಿಭಾಗಗಳ ಲೆಕ್ಕವಿಡಲೆಂದು ರೂಪಿಸಿದರು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳನ್ನು ನೋಡಿ ಫೋನು ಯಾವುದು ಮೇಲು, ಯಾವುದು ಕೆಳಗೆಂದು ತಿಳಿದುಕೊಳ್ಳುತ್ತದೆ. ಆದುದರಿಂದ ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಕೆಲಸ ನಡೆಯುತ್ತದೆ. ಚುಕ್ಕಿಗಳ ಲೆಕ್ಕದಲ್ಲಿ ಒಂದೇ ಸಂಗತಿಯನ್ನು ತುಸು ಹೆಚ್ಚಾಗಿಯೇ ಬರೆದಿರುವುದರಿಂದ, ರಂಗವಲ್ಲಿಯ ಒಂದು ಎಸಳು ಅಳಿಸಿದರೂ ಉಳಿದ ಚುಕ್ಕಿಗಳಿಂದ ಅದನ್ನು ತಿದ್ದಿಕೊಂಡಂತೆ, ಸ್ವಲ್ಪ ಹರಿದ ಅಥವಾ ಮಸಿಯಾದ ಕೋಡನ್ನೂ ಫೋನು ಓದಬಲ್ಲದು. ಕೇಂದ್ರ ಸರ್ಕಾರದ ದೀಕ್ಷಾ ವ್ಯವಸ್ಥೆ 2017ರ ಶಿಕ್ಷಕರ ದಿನಾಚರಣೆಯಂದು ಆರಂಭವಾಯಿತು. ಅದರಲ್ಲಿ ಕನ್ನಡದ ಪಾಠಗಳೂ ಇವೆ. ದೀಕ್ಷೆಯೆಂಬ ಪದ ನಮ್ಮವರಿಗೆ ಬೇರೆಯೇ ಅರ್ಥ ಹೊಳೆಯಿಸುವುದರಿಂದ ಶಿಬಿರಗಳಲ್ಲಿ ಒಂದಿಷ್ಟು ವಿನೋದವೂ ಆಗುತ್ತದೆ!

ಕಕಾರದ ಸಂಖ್ಯೆ

ಇನ್ನೊಂದು ತೊಡಕು ಪ್ರಶ್ನೆಪತ್ರಿಕೆಯದು. ಹತ್ತಾರು ವರ್ಷದ ಪ್ರಶ್ನೆಪತ್ರಿಕೆಗಳನ್ನು ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಬೆರಳಚ್ಚಿಸಿ ಇಟ್ಟಿರುತ್ತಾರೆ. ಹೊಸ ಹಲಗೆಯಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ವೈರಸ್ ಬಂದಿತೆಂದು ಶಿಕ್ಷಕರು ಗಾಬರಿಯಾಗುತ್ತಾರೆ. ವೈರಸ್ಸೂ ಅಲ್ಲ, ಏನೂ ಅಲ್ಲ.

ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಿಂದೆ ಕನ್ನಡಕ್ಕೆ ತನ್ನದೇ ಆದ ಸಂಖ್ಯೆಗಳನ್ನು ಬಳಸುವ ರೂಢಿ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಹೊದಿಸುತ್ತಿದ್ದರು. ಆ ಹೊದಿಕೆ, ಎಂದರೆ ಆ ಫಾಂಟು, ಇಲ್ಲದ ಯಂತ್ರದಲ್ಲಿ ಒಳಗಿನ ಇಂಗ್ಲಿಷ್ ಬಯಲಾಗುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆ ಕೊಟ್ಟ ವ್ಯವಸ್ಥೆ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಅದರಲ್ಲಿ ಕ ಅಕ್ಷರದ ಸಂಖ್ಯೆ 3221, ಖ ಅಕ್ಷರದ್ದು 3222. ಬೀದರಿನ ಫೋನಿನಲ್ಲಾಗಲಿ ಅಮೆರಿಕದಲ್ಲಿರುವ ಮಗನ ಕಂಪ್ಯೂಟರಿನಲ್ಲಾಗಲಿ 3221 ಎಂದರೆ ಕ ಎಂದೇ ಅರ್ಥ.

ವ್ಯಾಕರಣ ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯವುಂಟು. ನಮ್ಮ ಶಾಸ್ತ್ರದಲ್ಲಿ ಕ್ ಎಂಬ ವ್ಯಂಜನಕ್ಕೆ ಅಕಾರ ಕೂಡಿದರೆ ಕ. ಯೂನಿಕೋಡಿನಲ್ಲಿ ಕ ಮೊದಲು. ಅದರ ಮುಂದೆ 3277 ಎಂಬ ಸಂಖ್ಯೆಯ ಚಿಹ್ನೆ ಇಟ್ಟರೆ ಅಕಾರ ಕಳೆದು ಕ್ ಆಗುತ್ತದೆ. ಅದರ ಮುಂದೆ ಮತ್ತೊಂದು ಕ ಬಂದರೆ ಕ್ಕ ಎಂಬ ಒತ್ತಕ್ಷರ. ಅಕ್ಕ ಎಂದು ಬೆರಳಚ್ಚಿಸಿದಾಗ ಯಂತ್ರದೊಳಗೆ ನಾಲ್ಕು ಸಂಖ್ಯೆಗಳು ಸಾಲಾಗಿ ನಿಲ್ಲುತ್ತವೆ. ಎಂಟನೆಯ ತರಗತಿಯ ಮಕ್ಕಳಿಗೆ ಸಂಯುಕ್ತಾಕ್ಷರವನ್ನು ಕಲಿಸುವಾಗ ಇದನ್ನು ಹೇಳಿದರೆ ಅವರ ಕಣ್ಣು ಅರಳುತ್ತವೆ.

ಹಳೆಯ ಕಡತಗಳನ್ನು ಎಸೆಯಬೇಕಿಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನೊಮ್ಮೆ ಕಣ್ಣಾರೆ ಓದಿ ತಿದ್ದಿದರಾಯಿತು. ಕೀಲಿಮಣೆಯ ಅಭ್ಯಾಸವಿಲ್ಲದವರು ಫೋನಿನ ಮೈಕಿನ ಗುರುತನ್ನು ಒತ್ತಿ ಮಾತನಾಡಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಹಳ್ಳಿಯ ಉಚ್ಚಾರಣೆಗೆ ಒಮ್ಮೊಮ್ಮೆ ತಡವರಿಸುತ್ತದೆ.

ಕಲಿಸುವವರು ಯಾರು?

ನಮ್ಮ ಸೀಮೆಗೆ ಇಂಥ ಯಂತ್ರ ಬಂದದ್ದು ಇದು ಮೊದಲಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಪಾಠಗಳು ಬಂದವು. ನಮ್ಮ ರಾಜ್ಯದಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಯ ಬಲೆಯಂಥ ತಂತಿಜಾಲರಿಯ ಹತ್ತಡಿಯ ಛತ್ರಿ ಶಾಲೆಯ ಬಳಿ ನಿಂತದ್ದನ್ನು ಕಂಡವರು ಇನ್ನೂ ಇದ್ದಾರೆ. ಉಪಗ್ರಹ ಅಮೆರಿಕದಿಂದ ಕಡ ತಂದದ್ದು. ವರ್ಷ ತುಂಬಿತು, ಪಾಠ ನಿಂತಿತು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ನಮ್ಮವರು ಎಜುಸ್ಯಾಟ್ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂದಿತು. 2020ರಲ್ಲಿ ಕೊರೊನಾ ಕಾರಣ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಸಂವೇದ ತರಗತಿಗಳು ನಡೆದವು. ಅದೇ ವರ್ಷ ವಿದ್ಯಾಗಮದ ಹೆಸರಿನಲ್ಲಿ ಶಿಕ್ಷಕರು ಗುಡಿಯ ಜಗಲಿಗೂ ಮರದ ನೆರಳಿಗೂ ಹೋಗಿ, ಫೋನಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು.

ಇದಕ್ಕೆ ಬೇರೆಯದಾದ ಕಥೆ ನಲಿ-ಕಲಿಯದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಅದು ಹುಟ್ಟಿತು. ಆಂಧ್ರದ ಋಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ಶಿಕ್ಷಕರೇ ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡುಗಳನ್ನು ತಾವೇ ಕೂತು ರಚಿಸಿದರು. ವಿದ್ಯುತ್ತು ಬೇಡದ ಆ ರಟ್ಟಿನ ಕಾರ್ಡುಗಳು ರಾಜ್ಯಕ್ಕೆಲ್ಲ ಹಬ್ಬಿದವು. ಶಿಕ್ಷಕರ ಕೈಯಿಂದ ಹುಟ್ಟಿದ್ದನ್ನು ಶಿಕ್ಷಕರು ಶಿಕ್ಷಕರಿಗೆ ಹೇಳಿದರು.

ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿಯೂ ಇದೇ. ಲಕ್ಷಗಟ್ಟಲೆ ಕೊಟ್ಟು ಹಲಗೆ ತರುತ್ತೀರಿ, ಗೇಟಿನ ಮೇಲೆ ಸ್ಮಾರ್ಟ್ ಕ್ಲಾಸ್ ಎಂದು ಬರೆಸುತ್ತೀರಿ. ಒಂದು ದಿನದ ಶಿಬಿರಕ್ಕೆ ಬದಲಾಗಿ ವಾರಕ್ಕೊಂದು ಗಂಟೆಯಂತೆ ಒಂದು ಅವಧಿಯುದ್ದಕ್ಕೂ ಶಿಕ್ಷಕರಿಗೆ ಬಿಡುವು ಕೊಡಿರಿ. ಒಬ್ಬ ಹಿರಿಯರು, ಒಬ್ಬ ಕಿರಿಯರು ಜೋಡಿಯಾಗಿ ಕೂಡಲಿ. ಕಿರಿಯರು ಹಲಗೆಯನ್ನು ಕಲಿಸಲಿ, ಹಿರಿಯರು ಪಾಠವನ್ನು ಕಲಿಸಲಿ. ವಾರಕ್ಕೆ ಒಂದೇ ಕೆಲಸ ಸಾಕು: ಈ ವಾರ ಪುಟ ಉಳಿಸುವುದು, ಮುಂದಿನ ವಾರ ಅದನ್ನು ತೆರೆಯುವುದು. ಕೆಟ್ಟರೆ ಶಿಕ್ಷಕರ ಸಂಬಳದಿಂದ ಹಿಡಿಯುವುದಿಲ್ಲವೆಂದು ಮೊದಲೇ ಬರೆದು ಅಂಟಿಸಿರಿ. ಮನೆಯವರಿಗೂ ಒಂದು ಮಾತು. ಶಿಕ್ಷಕಿಯಾದ ಅತ್ತೆಗೆ ಸೊಸೆ, ತಂದೆಗೆ ಮಗ ಸಂಜೆ ಅರ್ಧ ಗಂಟೆ ಕೊಡಬಹುದು, "ಇಷ್ಟೂ ತಿಳಿಯುವುದಿಲ್ಲವೇ?" ಎಂಬ ಮಾತನ್ನು ಮಾತ್ರ ಆಡಬಾರದು.

ಯಂತ್ರ ಹೆಣೆದ ವಚನ

ಕಡೆಯದಾಗಿ, ಈಚೆಗೆ ಬಂದಿರುವ ಎಐ, ಎಂದರೆ ಕೃತಕ ಬುದ್ಧಿಮತ್ತೆಯ ವಿಷಯ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ತರುವಾಯ ಪ್ರಶ್ನೆಪತ್ರಿಕೆ ತಯಾರಿಸಲು, ಪಾಠದ ಟಿಪ್ಪಣಿ ಬರೆಯಲು ಅನೇಕ ಶಿಕ್ಷಕರು ಇಂಥ ಯಂತ್ರಗಳ ಮೊರೆ ಹೋಗುತ್ತಿದ್ದಾರೆ. ಹೋಗಬಾರದೆಂದು ನಾನು ಹೇಳುವುದಿಲ್ಲ. ಆದರೆ ಅದು ಏನು ಮಾಡುತ್ತದೆಂಬುದು ತಿಳಿದಿರಬೇಕು. ಅಪಾರವಾದ ಬರವಣಿಗೆಯನ್ನು ಅದಕ್ಕೆ ಉಣಿಸಿರುತ್ತಾರೆ. ಒಂದು ಪದದ ಮುಂದೆ ಯಾವ ಪದ ಬರುವುದು ಸಂಭವವೆಂದು ಅದು ಲೆಕ್ಕ ಹಾಕುತ್ತ ವಾಕ್ಯ ಹೆಣೆಯುತ್ತದೆ. ಅದು ಹೆಣೆದದ್ದು ನಿಜವೂ ಇರಬಹುದು, ನಿಜದಂತೆ ಕಾಣುವುದೂ ಇರಬಹುದು.

ಬಸವಣ್ಣನವರ ಒಂದು ವಚನ ಕೊಡು ಎಂದು ಕೇಳಿದರೆ ಅಯ್ಯಾ ಎಂದು ಆರಂಭಿಸಿ, ನಡುವೆ ಕಾಯಕ, ದಾಸೋಹ ಪದಗಳನ್ನಿಟ್ಟು, ಕೊನೆಗೆ ಕೂಡಲಸಂಗಮದೇವನ ಅಂಕಿತವನ್ನು ಹಚ್ಚಿ, ಯಾವ ಓಲೆಗರಿಯಲ್ಲಿಯೂ ಇಲ್ಲದ ವಚನವನ್ನು ಅದು ಕೊಡುವುದುಂಟು. ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಅಂಕಿತಗಳಿಗೂ ಇದೇ ಗತಿ. ಅದು ಬಸವ ಜಯಂತಿಯ ದಿನ ಮಗುವಿನ ಬಾಯಲ್ಲಿ ಬಂದು, ವಾಟ್ಸಾಪಿನಲ್ಲಿ ಹರಿದು, ನಾಲ್ಕು ವರ್ಷದಲ್ಲಿ ಆಮಂತ್ರಣ ಪತ್ರಿಕೆಯ ಮೇಲೆ ಅಚ್ಚಾಗುತ್ತದೆ. ಫ.ಗು. ಹಳಕಟ್ಟಿಯವರು ಮನೆಮನೆಯ ಕಟ್ಟುಗಳನ್ನು ಬಿಚ್ಚಿ, ಓಲೆಗರಿಗಳನ್ನು ಓದಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಮಗ್ರ ವಚನ ಸಂಪುಟಗಳು 1993ರಲ್ಲಿ ಬಂದವು. ಒಂದು ಪಾಠ ಸರಿಯೋ ತಪ್ಪೋ ಎಂದು ಪ್ರತಿಯಿಂದ ಪ್ರತಿಗೆ ಹೋಲಿಸಿ ಕಣ್ಣು ಸವೆಸಿದವರ ದುಡಿಮೆಯ ನಡುವೆ ಯಂತ್ರದ ಹುಸಿವಚನ ನುಸುಳಿದರೆ ಮುಂದಿನ ತಲೆಮಾರು ಬೇರ್ಪಡಿಸುವುದು ಹೇಗೆ?

ಪರೀಕ್ಷಿಸುವ ಸಾಧನವೂ ಅದೇ ಹಲಗೆಯಲ್ಲಿದೆ. ವಚನ ಸಂಚಯ ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಯೂನಿಕೋಡಿನಲ್ಲಿವೆ. ಪದವೊಂದನ್ನು ಬರೆದರೆ ಅದು ಬರುವ ವಚನಗಳನ್ನು ತೋರಿಸುತ್ತದೆ. ಹುಡುಕುವಾಗ ಅಯ್ಯಾ, ದೇವ ಎಂಬಂಥ ಸಾಮಾನ್ಯ ಪದಗಳನ್ನು ಕೊಡಬಾರದು, ಸಾವಿರ ಸಾಲುಗಳು ಬಂದು ನಿಲ್ಲುತ್ತವೆ. ಸಂಶಯದ ವಚನದಿಂದ ಒಂದು ಅಪರೂಪದ ಪದವನ್ನು ಆಯ್ದು, ಹ್ರಸ್ವ ದೀರ್ಘಗಳನ್ನು ಬದಲಿಸಿ ಎರಡು ಮೂರು ಬಾರಿ ನೋಡಬೇಕು. ಸಿಕ್ಕರೆ ಶಾಲೆಯ ಕಪಾಟಿನಲ್ಲಿರುವ ಸಂಪುಟವನ್ನು ತೆರೆದು ಪಾಠವನ್ನು ಹೋಲಿಸಿ, ಸಂಪುಟ ಮತ್ತು ವಚನದ ಸಂಖ್ಯೆಯನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡ ಮೇಲೆ ಮಕ್ಕಳಿಗೆ ಬರೆಸಬಹುದು.